ಕೆಲಸ ಮುಗಿದ ದೋಣಿಯಲ್ಲಿ ಒಂದು ರಾತ್ರಿ



ಸಾಗರದ ಕಡೆಗೆ ಶಾಲಾ ಪ್ರವಾಸ ಬಂದವರ ಹಾದಿ ಬಹುಮಟ್ಟಿಗೆ ಒಂದೇ. ಇಕ್ಕೇರಿಯ ಅಘೋರೇಶ್ವರ ದೇವಾಲಯ, ವರದಹಳ್ಳಿಯ ಶ್ರೀಧರ ಸ್ವಾಮಿಗಳ ಆಶ್ರಮ, ಜೋಗ, ಆಮೇಲೆ ಸಿಗಂದೂರು. ಸಿಗಂದೂರಿಗೆ ಹೊರಟಾಗ ಹೊಳೆಬಾಗಿಲಿನಲ್ಲಿ ರಸ್ತೆ ಮುಗಿದು ನೀರು ಎದುರಾಗುತ್ತಿತ್ತು. ಅಲ್ಲಿ ಬಸ್ಸು, ಕಾರು, ಬೈಕು, ಜನ ಎಲ್ಲವೂ ಒಂದೇ ಲಾಂಚಿನ ಮೇಲೇರಿ ಶರಾವತಿಯ ಹಿನ್ನೀರನ್ನು ದಾಟುತ್ತಿದ್ದವು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆಯ ಉದ್ಘಾಟನೆಯಾಯಿತು. ದಡದಲ್ಲಿ ಸರದಿಗಾಗಿ ಕಾಯುತ್ತಿದ್ದವರು ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡದಲ್ಲಿರುತ್ತಾರೆ. ತುಮರಿ, ಬ್ಯಾಕೋಡು ಕಡೆಯ ಜನರಿಗೆ, ಅದರಲ್ಲೂ ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾದವರಿಗೆ, ಇದು ಬಹುಕಾಲದ ಬೇಡಿಕೆ. ಆದರೆ ಆ ದಾಟಿನಲ್ಲಿ ಲಾಂಚಿನ ಹಳೆಯ ಕೆಲಸ ಮುಗಿದಂತಾಯಿತು.

ಕೆಲಸ ಮುಗಿದ ದೋಣಿಯನ್ನು ಏನು ಮಾಡಬೇಕು? ದಡಕ್ಕೆಳೆದು ಬಿಟ್ಟರೆ ಬಿಸಿಲು ಮಳೆಗೆ ಹಾಳಾಗುತ್ತದೆ. ಗುಜರಿಗೆ ಹಾಕಿದರೆ ಕಬ್ಬಿಣದ ಬೆಲೆ ಸಿಗುತ್ತದೆ, ದೋಣಿ ಉಳಿಯುವುದಿಲ್ಲ. ಮೂರನೆಯ ದಾರಿ ಎಂದರೆ ಅದಕ್ಕೊಂದು ಹೊಸ ಕೆಲಸ ಕೊಡುವುದು. ಹಳೆಯ ದೋಣಿಯನ್ನು ತಂಗುವ ಮನೆಯಾಗಿ, ಹೋಟೆಲಾಗಿ ಮಾರ್ಪಡಿಸುವುದು ಅಂಥದೊಂದು ದಾರಿ. ಅದು ಹೇಗೆ ನಡೆಯುತ್ತದೆ, ಅದರಿಂದ ಏನು ಉಳಿಯುತ್ತದೆ, ಏನು ಕಳೆಯುತ್ತದೆ ಎಂಬುದನ್ನು ನೋಡೋಣ.

ಮೊಳೆಯಿಲ್ಲದ ದೋಣಿ

ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಕಾಸರಗೋಡು ಜಿಲ್ಲೆಯಲ್ಲಿದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಈ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ನೀಲೇಶ್ವರದ ಬಳಿ, ವಲಿಯಪರಂಬ ಎಂಬ ಹಿನ್ನೀರಿದೆ. ಅಲ್ಲಿ ಹುಲ್ಲುಮನೆಯನ್ನು ಹೊತ್ತಂತೆ ಕಾಣುವ ದೊಡ್ಡ ದೋಣಿಗಳು ತೇಲುತ್ತವೆ. ಇವುಗಳ ಮೂಲರೂಪಕ್ಕೆ ಮಲಯಾಳದಲ್ಲಿ ಕೆಟ್ಟುವಳ್ಳಂ ಎಂದು ಹೆಸರು. ‘ಕೆಟ್ಟು’ ಎಂದರೆ ಕಟ್ಟು, ‘ವಳ್ಳಂ’ ಎಂದರೆ ದೋಣಿ. ಕಟ್ಟಿದ ದೋಣಿ ಎಂದರ್ಥ.

ಹೆಸರಿನಲ್ಲೇ ಅದರ ತಂತ್ರವಿದೆ. ನಮ್ಮ ಮಲೆನಾಡಿನಲ್ಲೂ ಬೆಳೆಯುವ ಹೆಬ್ಬಲಸಿನ ಹಲಗೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು, ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಸಂದುಗಳಿಗೆ ನಾರು ತುಂಬಿ, ಮೇಲೆ ಗೇರುಬೀಜದಿಂದ ತಯಾರಿಸಿದ ಕಪ್ಪು ಅಂಟನ್ನು ಬಳಿಯುತ್ತಾರೆ. ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹೊಲಿಗೆಗೆ ಆ ಭಯವಿಲ್ಲ. ದೋಣಿ ನೆಲಕ್ಕೆ ತಾಗಿದರೂ ಹೊಲಿದ ಮೈ ಕೊಂಚ ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹಗ್ಗ ಸವೆದಾಗ ಬಿಚ್ಚಿ ಮತ್ತೆ ಹೊಲಿಯಬಹುದು.

ಕೇರಳದ ಕುಟ್ಟನಾಡಿನಿಂದ ಅಕ್ಕಿ, ಮಸಾಲೆ ಪದಾರ್ಥಗಳು ಇಂಥ ದೋಣಿಗಳಲ್ಲಿ ಕೊಚ್ಚಿ ಬಂದರಿಗೆ ಸಾಗುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ರಸ್ತೆ, ಸೇತುವೆ, ಲಾರಿಗಳು ಬಂದವು. ಸರಕು ದಡಕ್ಕೆ ಹತ್ತಿತು. ದೋಣಿಗಳು ನಿಂತಲ್ಲೇ ನಿಂತವು. 1990ರ ದಶಕದ ಆರಂಭದಲ್ಲಿ ಕೆಲವರು ಈ ಹಳೆಯ ಅಕ್ಕಿ ದೋಣಿಗಳಿಗೆ ಬಿದಿರಿನ ಗಳ ನಿಲ್ಲಿಸಿ, ಹೆಣೆದ ಚಾಪೆಯ ಮಾಡು ಹೊದಿಸಿ, ಒಳಗೆ ಮಲಗುವ ಕೋಣೆ, ಸ್ನಾನದ ಮನೆ, ಅಡುಗೆಮನೆ ಮಾಡಿ ಪ್ರವಾಸಿಗರಿಗೆ ತೆರೆದರು. ಅಕ್ಕಿ ಮೂಟೆ ಇದ್ದ ಜಾಗದಲ್ಲಿ ಮಂಚ ಬಂತು.

ಒಂದು ರಾತ್ರಿಯ ವಾಸ

ಇಲ್ಲಿ ತಂಗುವವರು ಮಧ್ಯಾಹ್ನದ ಹೊತ್ತಿಗೆ ದೋಣಿ ಹತ್ತುತ್ತಾರೆ. ನಡೆಸುವವರು, ಅಡುಗೆಯವರು ದೋಣಿಯಲ್ಲೇ ಇರುತ್ತಾರೆ. ಹಿಂದೆ ಉದ್ದದ ಗಳ ಊರಿ ತಳ್ಳುತ್ತಿದ್ದ ದೋಣಿಗೆ ಈಗ ಎಂಜಿನ್ ಇದೆ. ಕತ್ತಲಾದ ಮೇಲೆ ಪ್ರಯಾಣವಿಲ್ಲ; ಸಂಜೆ ದಡಕ್ಕೆ ಕಟ್ಟಿ ನಿಲ್ಲಿಸುತ್ತಾರೆ. ಏಕೆಂದರೆ ರಾತ್ರಿಯ ನೀರು ಬಲೆ ಬೀಸುವ ಮೀನುಗಾರರದು. ಮಲಗಿದವರಿಗೆ ಹಲಗೆಯ ಕೆಳಗೆ ನೀರು ಬಡಿಯುವ ಸದ್ದು ಕೇಳುತ್ತದೆ. ಊರಿನ ಹೋಟೆಲಿನಲ್ಲಿ ಸಿಗದ ಅನುಭವ ಅದು.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಈ ಉದ್ಯಮ ಬೆಳೆದಂತೆ ಹಳೆಯ ದೋಣಿಗಳು ಸಾಲಲಿಲ್ಲ. ಇಂದು ತೇಲುವ ದೋಣಿಮನೆಗಳಲ್ಲಿ ಹೆಚ್ಚಿನವು ಹಳೆಯ ರೂಪದಲ್ಲಿ ಹೊಸದಾಗಿ ಕಟ್ಟಿದವು. ದೋಣಿಗಳ ಸಂಖ್ಯೆ ಮಿತಿಮೀರಿದ ಕಡೆ, ಮುಖ್ಯವಾಗಿ ವೇಂಬನಾಡ್ ಕೆರೆಯಲ್ಲಿ, ಶೌಚದ ನೀರು ಮತ್ತು ಡೀಸೆಲ್ ಎಣ್ಣೆ ಸೇರಿ ನೀರು ಕೆಟ್ಟಿದೆ. ನೀರು ನೋಡಲೆಂದು ಬಂದವರೇ ನೀರನ್ನು ಕೆಡಿಸುವ ಸ್ಥಿತಿ.

ಹಡಗೋ, ಕಟ್ಟಡವೋ?

ಹೊರದೇಶಗಳಲ್ಲೂ ಇಂಥ ಪ್ರಯೋಗಗಳಾಗಿವೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ‘ಆಫ್ ಚಾಪ್ಮನ್’ ಎಂಬ ಹಾಯಿಹಡಗಿದೆ. 1888ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ಇದು 1949ರಿಂದ ಯುವ ಪ್ರವಾಸಿಗರ ವಸತಿಗೃಹವಾಯಿತು. ಇನ್ನೊಂದು, ಪ್ರಸಿದ್ಧವಾದ ‘ಕ್ವೀನ್ ಮೇರಿ’. 1936ರಲ್ಲಿ ಮೊದಲ ಯಾನ ಮಾಡಿದ ಈ ಹಡಗು ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತಿತು. ವಿಮಾನಗಳು ಬಂದ ಮೇಲೆ ಅಟ್ಲಾಂಟಿಕ್ ದಾಟಲು ಹಡಗು ಹತ್ತುವವರು ಕಡಿಮೆಯಾದರು. 1967ರಲ್ಲಿ ಅದು ಅಮೆರಿಕದ ಲಾಂಗ್ ಬೀಚ್ ಬಂದರು ಸೇರಿ, 1972ರಲ್ಲಿ ಹೋಟೆಲಾಯಿತು. ಬಾಯ್ಲರುಗಳನ್ನು ತೆಗೆದುಹಾಕಿದ್ದರಿಂದ ಅದು ತಾನಾಗಿ ಎಲ್ಲಿಗೂ ಹೋಗಲಾರದು. ನೀರಿನ ಮೇಲಿದ್ದರೂ ಹೆಚ್ಚುಕಡಿಮೆ ಕಟ್ಟಡವೇ. ಆದರೂ ನೀರು ತನ್ನ ಕೆಲಸ ಬಿಡುವುದಿಲ್ಲ. ತುಕ್ಕಿನ ದುರಸ್ತಿಗೆ ಕೊನೆಯೆಂಬುದಿಲ್ಲ. 2020ರಲ್ಲಿ ಮುಚ್ಚಿದ ಹಡಗು ದೊಡ್ಡ ದುರಸ್ತಿಯ ಬಳಿಕ 2023ರಲ್ಲಿ ಮತ್ತೆ ತೆರೆಯಿತು. ಹೋಟೆಲಿನ ಆದಾಯ ಹಡಗನ್ನು ಉಳಿಸಬಲ್ಲದು. ಆದರೆ ಅದು ಸಾಲದ ಕಾಲವೂ ಬರುತ್ತದೆ.

ಶರಾವತಿಯಲ್ಲಿ ಇದು ಸಾಧ್ಯವೇ?

ಹೊಳೆಬಾಗಿಲಿನ ಲಾಂಚಿಗೂ ಹೀಗೆ ಮಾಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಚಪ್ಪಟೆಯಾದ ಅಗಲ ಮೈಯ ಮೇಲೆ ಕೋಣೆ ಕಟ್ಟುವುದು ಕಷ್ಟವಲ್ಲ. ಕಷ್ಟವಿರುವುದು ನೀರಿನಲ್ಲಿ. ಕೇರಳದ ಹಿನ್ನೀರು ಸಮುದ್ರಕ್ಕೆ ಹೊಂದಿಕೊಂಡಿದೆ. ಅದರ ಮಟ್ಟ ವರ್ಷವಿಡೀ ಹೆಚ್ಚು ಬದಲಾಗದು. ಲಿಂಗನಮಕ್ಕಿಯದು ವಿದ್ಯುತ್ತಿಗಾಗಿ ಕೂಡಿಟ್ಟ ನೀರು. ಪೂರ್ಣ ಮಟ್ಟ 1,819 ಅಡಿ. ಮಳೆ ಮುಗಿದ ಮೇಲೆ ನೀರನ್ನು ವಿದ್ಯುದಾಗಾರಕ್ಕೆ ಬಿಡುತ್ತಾ ಹೋದಂತೆ ದಡ ಹಿಂದೆ ಸರಿಯುತ್ತದೆ, ಕೆಸರು ನೆಲ ಮೇಲೇಳುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದಾಗ ಲಾಂಚು ವಾಹನಗಳನ್ನು ಹತ್ತಿಸಿಕೊಳ್ಳದ ದಿನಗಳೂ ಇದ್ದವು. ಹಾಗಾಗಿ ಇಲ್ಲಿ ದೋಣಿ ಹೋಟೆಲು ಎಂದರೆ ಪ್ರತಿ ವರ್ಷ ದಡವನ್ನು ಹಿಂಬಾಲಿಸುತ್ತಾ ಹೋಗಬೇಕಾದ ಹೋಟೆಲು.

ಇನ್ನೊಂದು ಮಾತು. ಲಾಂಚು ಅಲ್ಲಿ ಬಂದದ್ದು ವಿಹಾರಕ್ಕಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಹೊಲ, ಮನೆ, ಹಳೆಯ ರಸ್ತೆಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ಆಚೆ ದಡದ ಊರುಗಳು ದ್ವೀಪದಂತಾದವು. ಆ ಜನರನ್ನು ಸಾಗರದ ಶಾಲೆ, ಸಂತೆ, ಆಸ್ಪತ್ರೆಗಳಿಗೆ ಮುಟ್ಟಿಸಿದ್ದು ಈ ದೋಣಿಗಳು. ಅಂಥ ದೋಣಿಯಲ್ಲಿ ಯಾರಾದರೂ ತಂಗುವುದಾದರೆ, ಈ ಕಥೆಯೂ ಅವರಿಗೆ ತಿಳಿಯಬೇಕು. ಇಲ್ಲವಾದರೆ ಉಳಿದದ್ದು ಕಬ್ಬಿಣ ಮಾತ್ರ.

ಆದ್ದರಿಂದ ಹಳೆಯ ದೋಣಿಯ ಯಾವುದೇ ಹೋಟೆಲನ್ನು ನೋಡಿದಾಗ ಮೂರು ಪ್ರಶ್ನೆ ಕೇಳಿ. ದೋಣಿಯ ಹಳೆಯ ಮೈ ಎಲ್ಲಾದರೂ ಕಣ್ಣಿಗೆ ಬೀಳುತ್ತದೆಯೇ? ಅದರ ಕೊಳೆನೀರು ಎಲ್ಲಿಗೆ ಹೋಗುತ್ತದೆ? ಹಿಂದೆ ಅದನ್ನು ನಡೆಸಿದವರ ಮನೆಯವರಿಗೆ ಅಲ್ಲಿ ಕೆಲಸವಿದೆಯೇ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಆ ದೋಣಿ ನಿಜವಾಗಿ ಉಳಿದಿದೆ ಎನ್ನಬಹುದು.

ಮುಂದಿನ ರಜೆಯಲ್ಲಿ ಸೇತುವೆ ದಾಟಿ ಹೋದಾಗ, ಆಚೆ ದಡದ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಮಾತನಾಡಿಸಿ. ಕೊನೆಯ ಲಾಂಚು ತಪ್ಪಿದ ರಾತ್ರಿ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ದೋಣಿಯನ್ನು ಉಳಿಸುವ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.