ಮೇಲಿನ ಮನೆ, ಕೆಳಗಿನ ಮನೆ, ನಡುವೆ ಒಂದು ಗುಂಡಿ

ಹಿರಿದಾದ ದಾರಿ ಹೆದ್ದಾರಿ, ಹಿರಿದಾದ ಗದ್ದೆ ಹೆಗ್ಗದ್ದೆ. ಸಕಲೇಶಪುರ ದಾಟಿ ಮಂಗಳೂರಿನ ಕಡೆ ಹೊರಟವರಿಗೆ ಎರಡೂ ಒಟ್ಟಿಗೇ ಸಿಗುತ್ತವೆ. ಶಿರಾಡಿ ಘಾಟಿಗೆ ಕಾಂಕ್ರೀಟ್ ಹಾಕುವ ಕೆಲಸ 2015ರಲ್ಲಿ ಹೆಗ್ಗದ್ದೆಯಿಂದ ಶುರುವಾಗಿ ಕೆಂಪುಹೊಳೆವರೆಗೆ ಹೋಯಿತು, 2018ರಲ್ಲಿ ಅಲ್ಲಿಂದ ಅಡ್ಡಹೊಳೆಗೆ. ಊರಿನ ಹೆಸರು ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಈ ರಸ್ತೆಯ ನೆಪದಲ್ಲಿ. ನಾನು ಹೇಳಹೊರಟಿರುವುದು ಹಿತ್ತಿಲಿನ ಕತೆ. ಆದರೆ ರಸ್ತೆಯನ್ನೂ ಹಿತ್ತಿಲನ್ನೂ ಕೆಡಿಸುವ ಶಕ್ತಿ ಒಂದೇ, ಮಣ್ಣಿನೊಳಗೆ ಸಿಕ್ಕಿಕೊಂಡ ನೀರು. 2024ರ ಜುಲೈನಲ್ಲಿ ಇದೇ ಹೆದ್ದಾರಿ ಬದಿಯ ಬರೆ ಜರಿದದ್ದೂ ಅದರಿಂದಲೇ.

ಗದ್ದೆ ಎಂದಮೇಲೆ ತಗ್ಗು. ಗುಡ್ಡದ ನೀರೆಲ್ಲ ಇಳಿದು ಬಂದು ನಿಲ್ಲುವ ಜಾಗ. ಈ ಸೀಮೆಯಲ್ಲಿ ಮನೆ ಕಟ್ಟುವುದು ಗದ್ದೆ ಬಿಟ್ಟು ಮೇಲಿನ ದಿಬ್ಬದಲ್ಲಿ, ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು. ಹಾಗಾಗಿ ಮೇಲಿನ ಮನೆ, ಕೆಳಗಿನ ಮನೆ ಎಂಬುದೇ ವಿಳಾಸ. ಮೇಲಿನವರ ಹಿತ್ತಿಲು ಕೆಳಗಿನವರ ಸೂರಿನ ಮಟ್ಟಕ್ಕಿರುತ್ತದೆ. ಬೇಸಿಗೆಯಲ್ಲಿ ಇದರಿಂದ ತೊಂದರೆಯಿಲ್ಲ. ಆರಿದ್ರ ಮುಗಿದು ಪುನರ್ವಸು ಹಿಡಿಯುವ ಹೊತ್ತಿಗೆ ಕೆಳಗಿನ ಮನೆಯ ಕಕ್ಕಸಿನಲ್ಲಿ ಸುರಿದ ನೀರು ಇಳಿಯುವುದಿಲ್ಲ. ಬಕೆಟ್ ಹೊಯ್ದರೆ ಬಕೆಟ್ ನೀರೂ ಮೇಲಕ್ಕೇ ಬರುತ್ತದೆ. ಆಗ ಬೇಲಿಯ ಬಳಿ ಶುರುವಾಗುವ ಮಾತು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ:

“ಅಣ್ಣ, ನಿಮ್ಮ ಗುಂಡಿ ನೀರು ನಮ್ಮನೆಗೆ ಇಳೀತಿದೆ ಕಣಣ್ಣ.”

“ನಮ್ದೇ ತುಂಬ್ಕಂಡು ಕೂತಿದೆ ಮಾರಾಯ, ಇಳಿಯದೆಲ್ಲಿಂದ ಬಂತು?”

ನನ್ನ ಲೆಕ್ಕದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮಳೆಗಾಲದ ಇಂಥ ಜಗಳಗಳಲ್ಲಿ ಗುಂಡಿ ತುಂಬುವುದು ಹೆಚ್ಚಿನಂಶ ಮಲದಿಂದಲ್ಲ, ಮಳೆಯಿಂದ.

ಗುಂಡಿಯ ಕೆಲಸ ಏನೆಂದು ನೋಡಿದರೆ ಇದು ತಿಳಿಯುತ್ತದೆ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಮಿಷನ್ ಮನೆಯೊಂದಕ್ಕೆ 12,000 ರೂಪಾಯಿ ಕೊಟ್ಟು ಹಳ್ಳಿಗಳಲ್ಲಿ ಕಟ್ಟಿಸಿದ್ದು ಮುಖ್ಯವಾಗಿ ಅವಳಿ ಗುಂಡಿಯ ಶೌಚಾಲಯ. ಬಿಂದೇಶ್ವರ ಪಾಠಕ್ 1970ರಲ್ಲಿ ಕಟ್ಟಿದ ಸುಲಭ್ ಸಂಸ್ಥೆ ಇದೇ ಮಾದರಿಯನ್ನು ದೇಶಕ್ಕೆಲ್ಲ ಪರಿಚಯಿಸಿತ್ತು. ಸುಮಾರು ಒಂದು ಮೀಟರ್ ಅಗಲ, ಅಷ್ಟೇ ಅಥವಾ ತುಸು ಹೆಚ್ಚು ಆಳ. ಗೋಡೆಯಲ್ಲಿ ಜೇನುಗೂಡಿನಂತೆ ಕಿಂಡಿ, ತಳಕ್ಕೆ ಸಿಮೆಂಟ್ ಇಲ್ಲ. ನೀರು ಕಿಂಡಿಯಿಂದ ಮಣ್ಣಿಗೆ ಇಂಗಬೇಕು, ಗಟ್ಟಿ ಪದಾರ್ಥ ಒಳಗೇ ಕೊಳೆಯಬೇಕು. ಒಂದು ತುಂಬಿದಾಗ ನಡುವಿನ ಚೇಂಬರಿನಲ್ಲಿ ಅದರ ಬಾಯಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ವರ್ಷ ಎರಡು ವರ್ಷ ಬಿಟ್ಟರೆ ಮೊದಲ ಗುಂಡಿಯಲ್ಲಿ ವಾಸನೆಯಿಲ್ಲದ ಗೊಬ್ಬರ. ಬಹಳ ಚಂದದ ಯೋಚನೆ. ಆದರೆ ಅದು ನಿಂತಿರುವುದು ಮಣ್ಣು ನೀರು ಕುಡಿಯುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ನೆಲವೇ ಹೊಟ್ಟೆಬಿರಿಯೆ ಕುಡಿದು ಕೂತ ಪುಷ್ಯ ಮಳೆಯ ದಿನಗಳಲ್ಲಿ ಕಿಂಡಿಗಳು ತಿರುಗಿ ಕೆಲಸ ಮಾಡುತ್ತವೆ. ಒಳಗಿನದು ಹೊರಗೆ ಹೋಗುವ ಬದಲು ಹೊರಗಿನ ಜಲ ಒಳಗೆ ಬರುತ್ತದೆ.

ಮೇಸ್ತ್ರಿಗಳ ಅವಸರವೂ ಸೇರಿಕೊಳ್ಳುತ್ತದೆ. ಎರಡು ಗುಂಡಿಗಳನ್ನು ಸರದಿಗೆ ಬಿಡುವ ಬದಲು ಒಂದರಿಂದ ಇನ್ನೊಂದಕ್ಕೆ ಪೈಪ್ ಹಾಕಿಬಿಟ್ಟರೆ ಎರಡೂ ಒಟ್ಟಿಗೆ ತುಂಬುತ್ತವೆ. ಸೂರಿನ ದೋಣಿಯ ನೀರನ್ನೋ ಬಚ್ಚಲ ನೀರನ್ನೋ ಅದೇ ಗುಂಡಿಗೆ ತಿರುಗಿಸಿದ್ದರೆ ಕತೆ ಮುಗಿದಂತೆ. ನೂರು ಚದರ ಮೀಟರ್ ಸೂರಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಸಕಲೇಶಪುರದಲ್ಲಿ ಒಂದು ಸೆಂಟಿಮೀಟರನ್ನು ಯಾರೂ ಮಳೆ ಎನ್ನುವುದಿಲ್ಲ.

ಜಗಳಕ್ಕೆ ಮುಂಚೆ ಪತ್ತೆ ಮಾಡುವ ಬಗೆ ಇದೆ, ಖರ್ಚೂ ಇಲ್ಲ. ಮೊದಲ ಪ್ರಶ್ನೆ ಕಾಲದ್ದು. ಫೆಬ್ರವರಿಯಲ್ಲೂ ಕಟ್ಟುತ್ತದೆಯೋ, ಮಳೆಗೆ ಮಾತ್ರವೋ? ಮಳೆಗೆ ಮಾತ್ರ ಎಂದಾದರೆ ಪೈಪನ್ನು ಬಿಟ್ಟು ಗುಂಡಿಯ ಹಿಂಬದಿಯ ದಿಬ್ಬ ನೋಡಬೇಕು. ವರ್ಷವಿಡೀ ಎಂದಾದರೆ ಚೇಂಬರಿನ ಮುಚ್ಚಳ ತೆಗೆಯಬೇಕು. ಅದರಲ್ಲಿ ನೀರು ನಿಂತಿದ್ದರೆ ಅಡ್ಡಿ ಅಲ್ಲಿಂದ ಮುಂದೆ, ಗುಂಡಿಯ ಕಡೆ. ಖಾಲಿಯಿದ್ದರೆ ಅಡ್ಡಿ ಹಿಂದೆ, ಮನೆಯ ಕಡೆ. ಪ್ಲಂಬರ್‌ಗಳ ಅರ್ಧ ವಿದ್ಯೆ ಈ ಮುಚ್ಚಳದಡಿಯಲ್ಲೇ ಇದೆ.

ಎರಡು ಮನೆಯ ಪೈಪ್ ಮುಂದೆ ಒಂದಾಗಿ ಹೋಗುವ ಕಡೆ ಮಾತ್ರ ತುಸು ಹೆಚ್ಚು ತಲೆ ಓಡಿಸಬೇಕು. ಅಣ್ಣತಮ್ಮಂದಿರು ಪಾಲಾದ ಮನೆಗಳಲ್ಲೂ ತೋಟದ ಲೈನ್ ಮನೆಗಳಲ್ಲೂ ಇದು ಸಾಮಾನ್ಯ. ಒಬ್ಬರದು ಮಾತ್ರ ನಿಧಾನವಾಗಿ ಇಳಿಯುತ್ತಿದ್ದರೆ ತೊಂದರೆ ಅವರದೇ ಕವಲಿನಲ್ಲಿ. ಇಬ್ಬರದೂ ಆದರೆ ಕೂಡುವ ಜಾಗದಿಂದ ಕೆಳಗೆ. ಮೇಲಿನವರು ನೀರು ಬಿಟ್ಟಾಗ ಕೆಳಗಿನವರ ಪ್ಯಾನ್ ಗುಳುಗುಳು ಎಂದರೆ ಅದು ಗಾಳಿಯ ದೂರು. ನುಗ್ಗುವ ನೀರು ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದಿನದನ್ನು ಎಳೆಯುತ್ತದೆ. ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಪ್ಯಾನಿನ ಬಾಗಿನಲ್ಲಿ ವಾಸನೆ ತಡೆಯಲೆಂದು ನಿಂತಿರುವ ನೀರನ್ನೇ ಹೀರಿಕೊಂಡು ಹೋಗುತ್ತದೆ. ಹಳ್ಳಿಯ ಪ್ಯಾನಿನಲ್ಲಿ ಆ ನೀರು ಬರೀ ಎರಡು ಸೆಂಟಿಮೀಟರ್. ಅದು ಹೋದರೆ ಪಕ್ಕದ ಮನೆಯ ವಾಸನೆ ಈ ಮನೆಗೆ. ಗಾಳಿ ಪೈಪೊಂದನ್ನು ಸೂರಿಗಿಂತ ಮೇಲೆ ಏರಿಸಿದರೆ ಬಹಳಷ್ಟು ಸಲ ಇಷ್ಟೂ ನಿಲ್ಲುತ್ತದೆ. ನಾಲ್ಕಿಂಚಿನ ಪೈಪಿಗೆ ನಲವತ್ತು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಸಾಕು. ಕೂಡುವ ಕಡೆ ನೇರ ಅಡ್ಡಕ್ಕೆ ಬಂದು ಬಡಿಯದೆ ಓರೆಯಾಗಿ ಸೇರಬೇಕು, ಹಳ್ಳ ಹೊಳೆಗೆ ಸೇರುವ ಹಾಗೆ.

ಯಾರ ನೀರು ಎಲ್ಲಿ ಬರುತ್ತಿದೆ ಎಂದು ತಿಳಿಯಲು ಮೇಲಿನ ಕಕ್ಕಸಿಗೆ ಬಟ್ಟೆಯ ನೀಲಿ ಕಲಸಿದ ನೀರು ಹೊಯ್ಯುವ ಉಪಾಯವಿದೆ. ಪೈಪಿನಿಂದ ಪೈಪಿಗೆ ಹರಿದಿದ್ದರೆ ಕೂಡಲೇ ಬಣ್ಣ ಕಾಣುತ್ತದೆ. ಮಣ್ಣಿನ ಮೂಲಕ ಬಸಿದಿದ್ದರೆ ಬಣ್ಣವನ್ನು ಮಣ್ಣೇ ಹಿಡಿದುಕೊಳ್ಳಬಹುದು, ಹಾಗಾಗಿ ಬಣ್ಣ ಬರಲಿಲ್ಲ ಎಂದು ಗೆದ್ದೆ ಎನ್ನುವಂತಿಲ್ಲ. ಬಾವಿಯ ವಿಷಯದಲ್ಲಿ ಈ ಎಚ್ಚರ ಮುಖ್ಯ. ಗುಂಡಿಗೂ ಬಾವಿಗೂ ಹತ್ತು ಮೀಟರ್ ಅಂತರ ಇರಲಿ ಎನ್ನುತ್ತಾರೆ. ಇಳಿಜಾರಿನಲ್ಲಿ ಮೇಲಿನವರ ಗುಂಡಿ ಕೆಳಗಿನವರ ಬಾವಿಯ ನೆತ್ತಿಗೇ ಇದ್ದರೆ ಅಷ್ಟೂ ಸಾಲದು. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಪುಟ್ಟ ಬಾಟಲಿಗೆ ಬಾವಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕಿನ ಗುಮಾನಿ ಪಡಬೇಕು. ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಕೊಂದ ಕಾಲರಾ ಹುಟ್ಟಿದ್ದೂ ಹೀಗೆ. ಬೀದಿ ಪಂಪಿನ ಮೇಲೆ ಗುಮಾನಿ ಪಟ್ಟವನು ವೈದ್ಯ ಜಾನ್ ಸ್ನೋ. ಪಕ್ಕದ 40ನೇ ನಂಬರಿನ ಮನೆಯಲ್ಲಿ ಕಾಯಿಲೆಬಿದ್ದ ಕೂಸಿನ ಬಟ್ಟೆ ತೊಳೆದ ನೀರು ಗುಂಡಿಗೆ ಹೋಗಿತ್ತೆಂದು ಪತ್ತೆ ಮಾಡಿದವನು ಪಾದ್ರಿ ಹೆನ್ರಿ ವೈಟ್‌ಹೆಡ್. ಅಗೆದು ನೋಡಿದರೆ ಆ ಗುಂಡಿಗೂ ಪಂಪಿನ ಬಾವಿಗೂ ಮೂರಡಿಯೂ ಇರಲಿಲ್ಲ.

ಗುಂಡಿ ಖಾಲಿ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಸಕ್ಕಿಂಗ್ ಲಾರಿ ದಿಬ್ಬ ಹತ್ತಬೇಕು, ಅದರ ಪೈಪ್ ಗುಂಡಿ ಮುಟ್ಟಬೇಕು. ಮುಟ್ಟಿದರೂ ಜುಲೈನಲ್ಲಿ ಖಾಲಿ ಮಾಡಿದ ಗುಂಡಿ ಎರಡು ದಿನಕ್ಕೆ ಮತ್ತೆ ತುಂಬುತ್ತದೆ, ಒಳಗಿನ ಒತ್ತು ಹೋದ ಗೋಡೆಯ ರಿಂಗುಗಳು ಹೊರಗಿನ ನೀರಿಗೆ ಜರುಗಲೂಬಹುದು. ಇಷ್ಟಾಗಿಯೂ ಲಾರಿ ಹೊತ್ತೊಯ್ದದ್ದನ್ನು ಎಲ್ಲಿ ಸುರಿಯುತ್ತದೆ ಎಂದು ನಾವು ಕೇಳುವುದಿಲ್ಲ. ಅದನ್ನು ಸಂಸ್ಕರಿಸುವ ಘಟಕ ದೇವನಹಳ್ಳಿಯಲ್ಲಿ ಶುರುವಾದದ್ದು 2015ರಲ್ಲಷ್ಟೇ. ಲಾರಿ ಬರದಿದ್ದರೆ ಯಾರನ್ನಾದರೂ ಇಳಿಸೋಣ ಎಂಬ ಮಾತಂತೂ ಬಾಯಿಗೆ ಬರಬಾರದು. ಗುಂಡಿಯ ಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ, ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಅಪರಾಧ ಎನ್ನುತ್ತದೆ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಲ್ಲಿಸಹೊರಟ ರಾಜ್ಯ ನಮ್ಮದು. ಅದೇ ರಾಜ್ಯದ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಮಾತು ಬಗೆಹರಿಯದಿದ್ದರೆ ಗ್ರಾಮ ಪಂಚಾಯಿತಿ ಇದೆ. ಅದಕ್ಕೂ ಮೇಲೆ, ಸಾರ್ವಜನಿಕರಿಗೆ ಉಪದ್ರವವಾದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಕೊಡಬಲ್ಲರು. ರತ್ಲಾಮ್ ಪುರಸಭೆಯ ಚರಂಡಿ ನಾತದ ಪ್ರಕರಣದಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ ದುಡ್ಡಿಲ್ಲ ಎಂಬ ಪುರಸಭೆಯ ನೆಪ ಒಪ್ಪಲಿಲ್ಲ. ಆದರೆ ಆ ಬಾಗಿಲು ತಟ್ಟಿದ ಮೇಲೆ ಮೇಲಿನ ಮನೆಗೆ ಮಜ್ಜಿಗೆ ಹೆಪ್ಪು ಕೇಳಲು ಹೋಗುವುದು ಕಷ್ಟ.

ಈ ಸೀಮೆಯ ಕಾಫಿ ತೋಟದವರಿಗೆ ನೀರು ತಿರುಗಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಳಿಜಾರಿನ ನೀರು ತಡೆದು ಇಂಗಿಸಲು ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿ, ಬೇರು ಕೊಳೆಯದಂತೆ ತಗ್ಗಿನಲ್ಲಿ ಬಸಿಗಾಲುವೆ ತೆಗೆದೇ ತೆಗೆಯುತ್ತಾರೆ. ಮುಂಗಾರಿಗೆ ಮೊದಲು ಕಾಲುವೆ ಬಿಡಿಸುವ ದಿನ ಗುದ್ದಲಿಯನ್ನು ಮನೆಯ ಹಿಂದಕ್ಕೂ ಒಯ್ದು, ಕಕ್ಕಸು ಗುಂಡಿಯ ಮೇಲ್ಬದಿಗೆ ಅಡ್ಡಲಾಗಿ ಬಿಲ್ಲಿನಂತೆ ಒಂದು ಕಾಲುವೆ ಎಳೆದು ದಿಬ್ಬದ ನೀರನ್ನು ಪಕ್ಕಕ್ಕೆ ಬಿಡಬಹುದು. ಹೊಸದಾಗಿ ಕಟ್ಟುವವರು ರಿಂಗನ್ನು ನೆಲದಿಂದ ಅಡಿಯಷ್ಟು ಎತ್ತರಿಸಿ ಸುತ್ತ ಮಣ್ಣು ಒಟ್ಟಿಕೊಳ್ಳಬಹುದು. ಕಾಲುವೆಯ ನೀರು ಯಾರ ಬೇಲಿಯೊಳಗೆ ಬೀಳುತ್ತದೆ ಎಂಬುದನ್ನು ಮಾತ್ರ ಅಗೆಯುವ ಮುಂಚೆ ಕೆಳಗಿನ ಮನೆಯವರನ್ನು ಕರೆದು ನಿಲ್ಲಿಸಿಕೊಂಡೇ ಗೊತ್ತುಮಾಡಬೇಕು.