ಪದಚ್ಯುತಿಯೂ ಅವನತಿಯೂ

‘ಅವನತಿ’ ಎಂಬ ಶಬ್ದವನ್ನು ನಾವು ಅರಸುಮನೆತನ ಅಳಿದುದಕ್ಕೂ, ಊರು ಪಾಳುಬಿದ್ದುದಕ್ಕೂ, ಮನುಷ್ಯನ ಶೀಲ ಕೆಟ್ಟುದಕ್ಕೂ ಒಂದೇ ಸಮನಾಗಿ ಬಳಸುತ್ತ ಬಂದಿರುವೆವಾದರೂ, ಆ ಶಬ್ದದ ಒಡಲಲ್ಲಿರುವ ‘ನತಿ’ಗೆ ಬಾಗುವಿಕೆಯೆಂದೇ ಅರ್ಥವಾದುದರಿಂದ, ತಲೆ ಕೆಳಗಾಗಿ ಬಾಗಿದವನಿಗೆ ಮಾತ್ರವೇ ಅದು ನ್ಯಾಯವಾಗಿ ಸಲ್ಲತಕ್ಕುದು. ಇದ್ದ ಎಡೆಯಿಂದ ಜಾರುವುದು ಸ್ಥಾನಭ್ರಂಶ. ಪರರು ಬಲಾತ್ಕಾರದಿಂದ ಇಳಿಸಿದರೆ ಪದಚ್ಯುತಿ. ಕೃಷ್ಣಪಕ್ಷದ ಚಂದ್ರನಂತೆ ದಿನದಿನಕ್ಕೆ ಕುಂದುವುದು ಹ್ರಾಸ. ಬೆಳಗಾವಿ ಸೀಮೆಯ ಹಿರಿಯರಂತೂ ‘ದೇಸಗತಿ ಮುಳುಗಿತು’, ‘ವಾಡೆ ಹಾಳುಬಿತ್ತು’ ಎಂದು, ಹೋದುದನ್ನಷ್ಟೇ ಹೇಳಿ, ಅದನ್ನು ಕಳೆದುಕೊಂಡವರ ಮಾನಕ್ಕೆ ಕೈಯಿಕ್ಕದೆ ಬಿಡುತ್ತಾರೆ. ಈ ವಿವೇಕವು ನಮ್ಮ ಚರಿತ್ರೆಯ ಬರವಣಿಗೆಗೂ ಬರಬೇಕೆಂಬುದು ನನ್ನ ಆಸೆ.

ಕಿತ್ತೂರನ್ನೇ ನೋಡಿರಿ. 1824ರ ಸೆಪ್ಟೆಂಬರಿನಲ್ಲಿ ಅಲ್ಲಿನ ದೊರೆ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ, ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆಯೊತ್ತಿಸಲು, ಹಿಂದಿನ ದೊರೆ ಮಲ್ಲಸರ್ಜನ ರಾಣಿ ಚೆನ್ನಮ್ಮನು ಯುದ್ಧಕ್ಕೆ ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಮುಂದೆ ಮಡಿದನು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯವು ಬಂದು ಕೋಟೆಯನ್ನು ಗೆದ್ದುಕೊಂಡಿತು. ಸಿಂಹಾಸನವೂ, ಭಂಡಾರವೂ, ಅರಮನೆಯೂ ಹೋದುವು. ಕಿತ್ತೂರು ಬ್ರಿಟಿಷರ ಲೆಕ್ಕದಲ್ಲಿ ಸಂಪಗಾವಿ ತಾಲೂಕಿನ ಒಂದು ಊರಾಯಿತು, ಆಮೇಲೆ ಬಹುಕಾಲ ಬೈಲಹೊಂಗಲ ತಾಲೂಕಿಗೆ ಸೇರಿಕೊಂಡಿತ್ತು. ರಾಣಿಯು ಸೆರೆಯಲ್ಲಿದ್ದ ಊರೂ ಬೈಲಹೊಂಗಲವೇ. ಅಲ್ಲಿನ ಕೋಟೆಯಲ್ಲಿ ವರ್ಷಗಟ್ಟಳೆ ಬಂದಿಯಾಗಿದ್ದು 1829ರಲ್ಲಿ ಆಕೆ ದೇಹವಿಟ್ಟಳು. ಸಮಾಧಿಯು ಇಂದಿಗೂ ಅಲ್ಲಿದೆ. ಇದು ಪದಚ್ಯುತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ರಾಣಿ ಬಂದಿಯಾದ ಮೇಲೆಯೂ ಸಂಗೊಳ್ಳಿ ರಾಯಣ್ಣನು ಅದೇ ದತ್ತಕಪುತ್ರನ ಹಕ್ಕಿಗಾಗಿ ದಂಡು ಕಟ್ಟಿ ಕಾದಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ನಾಡಿನ ಕಥೆಗೆ ‘ಕಿತ್ತೂರಿನ ಅವನತಿ’ ಎಂದು ತಲೆಬರಹವಿಡುವುದನ್ನು ನಾನು ಒಪ್ಪಲಾರೆ.

ಸವದತ್ತಿಯ ಸಂಗತಿ ಬೇರೆ. ಶಾಸನಗಳ ಸುಗಂಧವರ್ತಿ ಇದೇ ಊರು, ರಟ್ಟರ ರಾಜಧಾನಿ. ಶತ್ರುವಿನ ಕೈಯಿಂದಲ್ಲ, ಸ್ವಂತ ಅರಸರ ಮನಸ್ಸಿನಿಂದ ಇದರ ಪದವಿ ಹೋಯಿತು: ಹದಿಮೂರನೆಯ ಶತಮಾನದ ಹೊತ್ತಿಗೆ ರಟ್ಟರು ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ತೆರಳಿದರು; ಕೆಲವೇ ದಶಕಗಳಲ್ಲಿ ಸೇವುಣರಿಂದ ತಾವೂ ಅಳಿದರು. ಇಲ್ಲಿ ಹ್ರಾಸವೆಂಬ ಮಾತು ಒಪ್ಪುತ್ತದೆ. ಅದೂ ರಾಜ್ಯಕ್ಕೆ ಮಾತ್ರ, ಏಕೆಂದರೆ ಭರತ ಹುಣ್ಣಿಮೆಗೆ ಊರಿನ ಬಳಿಯ ಯಲ್ಲಮ್ಮನ ಗುಡ್ಡವನ್ನೇರುವ ಲಕ್ಷಾಂತರ ಭಕ್ತರಿಗೆ ರಟ್ಟರ ನೆನಪು ಬೇಕಾಗಿಲ್ಲ.

ನಿಜವಾದ ಅವನತಿಯನ್ನು, ಕಠಿನವಾದರೂ ಹೇಳಬೇಕು, ಸಿಂಹಾಸನ ಉಳಿದ ಕಡೆಯಲ್ಲಿಯೇ ಕಾಣುತ್ತೇನೆ. ದತ್ತಕಕ್ಕೆ ಅನುಮತಿ ಸಿಕ್ಕದ ನರಗುಂದದ ಬಾಬಾಸಾಹೇಬನು 1858ರಲ್ಲಿ ದಂಗೆಯೆದ್ದು, ರಾಮದುರ್ಗಕ್ಕೆ ಸಮೀಪದ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದು, ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅವನ ಮಲಸೋದರನಾದ ರಾಮದುರ್ಗದ ಸಂಸ್ಥಾನಿಕನಾದರೋ ಸರಕಾರದ ಪಕ್ಷವನ್ನು ಹಿಡಿದು ಗಾದಿಯನ್ನುಳಿಸಿಕೊಂಡನು. ನರಗುಂದವು ಇಲ್ಲವಾಯಿತು, ರಾಮದುರ್ಗವು ಮುಂದೆ ತೊಂಬತ್ತು ವರ್ಷ ಬಾಳಿತು. ಆ ಬಾಗಿದ ತಲೆಯ ಭಾರವನ್ನು ಹೊತ್ತವರು ಪ್ರಜೆಗಳು. ಕಂದಾಯದ ಹೊರೆಯನ್ನು ಇಳಿಸಿರೆಂದು ಪ್ರಜಾಸಂಘವು ಹೂಡಿದ ಚಳವಳಿಯು 1939ರ ಏಪ್ರಿಲ್ 7ರಂದು ಸೆರೆಮನೆಯ ಬಾಗಿಲನ್ನೊಡೆಯುವ ಮಟ್ಟಕ್ಕೇರಿ ರಕ್ತಪಾತವಾಯಿತು. ಆಮೇಲೆ ಕೆಲವರಿಗೆ ಮರಣದಂಡನೆಯೂ ಆಯಿತು. 1948ರ ಮಾರ್ಚಿನಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಗಾದಿಯೇ ಹೋದಾಗ, ರಾಮದುರ್ಗದ ಒಕ್ಕಲಿಗೆ ಅದು ಬಿಡುಗಡೆಯಾಗಿತ್ತು.