ಗುದ್ದಲಿಗೆ ಕಾವು, ಐರನ್ನಿಗೆ ಶಾಫ್ಟು

ಪೀಣ್ಯದ ಒಂದು ಪುಟ್ಟ ವರ್ಕ್‌ಶಾಪು. ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಗೆಳೆಯ ತನ್ನ ಗಾಲ್ಫ್ ಕ್ಲಬ್ಬುಗಳನ್ನು ಅಲ್ಲಿಗೆ ತಂದಿದ್ದ. ಹೈಬ್ರಿಡ್ ಎಂಬ ಮತ್ತೊಂದು ಬಗೆಯ ಕ್ಲಬ್ಬಿಗೆಂದು ತಯಾರಾದ ಗ್ರಾಫೈಟ್ ಶಾಫ್ಟನ್ನು ತನ್ನ 5ನೇ ಐರನ್ನಿಗೆ ಹಾಕಿಸಬೇಕೆಂಬುದು ಅವನ ಆಸೆ. ಗಾಲ್ಫ್ ಮೈದಾನವನ್ನೇ ಕಾಣದ ಫಿಟ್ಟರ್ ಅಣ್ಣ ಎರಡಕ್ಕೂ ವರ್ನಿಯರ್ ಹಿಡಿದು, "ಸಾರ್, ತೂತು ಟೇಪರ್, ಕೋಲು ಪ್ಯಾರಲಲ್. ಹಿಂಗೇ ಹಾಕಿದ್ರೆ ಕೂರಲ್ಲ" ಎಂದರು.

ಗುದ್ದಲಿಗೆ ಕಾವು ಹಾಕಿದವರಿಗೆಲ್ಲ ಈ ಮಾತು ಅರ್ಥವಾಗುತ್ತದೆ. ಐರನ್ ಎಂದರೆ ಚಪ್ಪಟೆ ಮುಖದ ಉಕ್ಕಿನ ತಲೆ, ಅದರ ಕತ್ತಿನ ತೂತಿಗೆ ಸಿಕ್ಕಿಸಿದ ಕಾವೇ ಶಾಫ್ಟು. ಹೈಬ್ರಿಡ್ ಶಾಫ್ಟಿನ ತುದಿ ಸಾಮಾನ್ಯವಾಗಿ 0.370 ಇಂಚು, ಅಂದರೆ 9.4 ಮಿಲಿಮೀಟರು, ಒಂದೇ ದಪ್ಪ. ಹಲವು ಐರನ್‌ಗಳ ತೂತೂ ಅಷ್ಟೇ ಇರುತ್ತದೆ. ಅಂಥವಕ್ಕೆ ತೊಂದರೆಯಿಲ್ಲ. ಇನ್ನು ಕೆಲವು 0.355 ಇಂಚಿನ ಟೇಪರ್, ಅಂದರೆ ಒಳಕ್ಕೆ ಹೋದಂತೆ ಕಿರಿದಾಗುವ, ತೂತಿನವು. ವ್ಯತ್ಯಾಸ 0.4 ಮಿಲಿಮೀಟರಿಗೂ ಕಡಿಮೆ. ಆದರೆ ಶಾಫ್ಟನ್ನು ಉಜ್ಜಿ ಸಣ್ಣ ಮಾಡಲು ಮಾತ್ರ ಹೋಗಬೇಡಿ. ಗ್ರಾಫೈಟ್ ಶಾಫ್ಟಿನ ಬಲವೆಲ್ಲ ಅದರ ಕಾರ್ಬನ್ ಎಳೆಗಳಲ್ಲಿದೆ. ಮೇಲಿನ ಬಣ್ಣ ಕೆರೆಯಬಹುದು, ಎಳೆ ಕಡಿಯಬಾರದು. ಕತ್ತಿನ ಗೋಡೆ ಸಾಕಷ್ಟು ದಪ್ಪವಿದ್ದರೆ ತೂತನ್ನೇ ರೀಮರ್‌ನಿಂದ ಹಿಗ್ಗಿಸುವುದು ಸರಿಯಾದ ದಾರಿ.

ಈ ಎಳೆ ಬೆಂಗಳೂರಿಗೆ ಹೊಸದಲ್ಲ. 2001ರ ಜನವರಿ 4ರಂದು ಇಲ್ಲಿಂದಲೇ ಮೊದಲು ಹಾರಿದ ತೇಜಸ್ ವಿಮಾನದ ರೆಕ್ಕೆಯಲ್ಲಿರುವುದೂ ಇದರದೇ ಬಳಗ: ಕಾರ್ಬನ್ ಎಳೆ, ಅದನ್ನು ಹಿಡಿದಿಡುವ ಅಂಟು. ಗಾಲ್ಫ್ ಶಾಫ್ಟಿಗೆ ಇದನ್ನು ತಂದದ್ದು 1969ರಲ್ಲಿ, ಫ್ರಾಂಕ್ ಥಾಮಸ್ ಎಂಬ ಎಂಜಿನಿಯರ್. ಉಕ್ಕಿನ ಐರನ್ ಶಾಫ್ಟು 120–130 ಗ್ರಾಂ ತೂಗಿದರೆ, ಹೈಬ್ರಿಡ್ ಗ್ರಾಫೈಟು ಬಹುಪಾಲು 70–90 ಗ್ರಾಂ. ಕೋಲು ಹಗುರವಾದರೆ ಬೀಸು ಸಲೀಸು. ದಿನವಿಡೀ ಕೀಬೋರ್ಡ್ ಮುಂದೆ ಕೂತ ಮಣಿಕಟ್ಟಿಗೂ ಮೊಣಕೈಗೂ ಏಟಿನ ನಡುಕ ಕಡಿಮೆ ತಟ್ಟುತ್ತದೆ. ಗೆಳೆಯನಿಗೆ ಬೇಕಾಗಿದ್ದದ್ದೂ ಅದೇ.

ನಿಜವಾದ ವಿಜ್ಞಾನ ಇರುವುದು ಕತ್ತರಿಸುವಲ್ಲಿ. ಶಾಫ್ಟು ಎಂದರೆ ಒಂದು ಸ್ಪ್ರಿಂಗು. ಸ್ಕೇಲನ್ನು ಮೇಜಿನಂಚಿಗೆ ಒತ್ತಿ ಮೀಟಿದರೆ, ಹೊರಗೆ ಚಾಚಿದ ಭಾಗ ಗಿಡ್ಡವಾದಷ್ಟೂ ಬೇಗ ಕಂಪಿಸುತ್ತದೆ, ತುದಿಗೆ ಭಾರ ಕಟ್ಟಿದರೆ ನಿಧಾನವಾಗುತ್ತದೆ. ಇಲ್ಲೂ ಹಾಗೆಯೇ. 3ನೇ ಹೈಬ್ರಿಡ್ ಸುಮಾರು 40 ಇಂಚು, 5ನೇ ಐರನ್ ಸುಮಾರು 38. ಎರಡು ಇಂಚನ್ನು ಹಿಡಿಯ ಕಡೆಯಿಂದ ಕತ್ತರಿಸಿದರೆ ಕಂಪನ ಶೇಕಡಾ 8ರಷ್ಟು ಏರುತ್ತದೆ. ಐರನ್ನಿನ ತಲೆ ಸುಮಾರು 20 ಗ್ರಾಂ ಹೆಚ್ಚು ಭಾರವಿರುವುದರಿಂದ ಅದರಲ್ಲಿ ಅರ್ಧದಷ್ಟು ಮತ್ತೆ ಇಳಿಯುತ್ತದೆ. ನಿಮಿಷಕ್ಕೆ 300 ಕಂಪನದ ಕೋಲಿನಲ್ಲಿ ಉಳಿದ ಏರಿಕೆ ಹನ್ನೆರಡರಷ್ಟು. ಹತ್ತು ಕಂಪನದ ಅಂತರಕ್ಕೇ ಶಾಫ್ಟಿನ ಬಿರುಸಿನ ದರ್ಜೆ 'ರೆಗ್ಯುಲರ್' ಹೋಗಿ 'ಸ್ಟಿಫ್' ಆಗುತ್ತದೆ. ಅದೇ ಎರಡು ಇಂಚನ್ನು ತಲೆಯ ಕಡೆಯಿಂದ ಕತ್ತರಿಸಿದರಂತೂ ಬಳುಕುವ ಸಣ್ಣ ತುದಿಯೇ ಹೋಗಿ ಕೋಲು ಇನ್ನಷ್ಟು ಬಿರುಸಾಗುತ್ತದೆ. ಶಾಫ್ಟಿನ ಮೇಲೆ ಅಚ್ಚಾದ ದರ್ಜೆಯ ಅಕ್ಷರವನ್ನು ನಂಬಿ ಕೆಲಸ ಮಾಡುವಂತಿಲ್ಲ. ಅಳೆಯಲೇಬೇಕು.

ಅಳೆಯಲು ದುಬಾರಿ ಯಂತ್ರವೇನೂ ಬೇಡ. ಹಿಡಿಯ ಕಡೆಯನ್ನು ಬೆಂಚ್ ವೈಸಿನಲ್ಲಿ ರಬ್ಬರ್ ಸುತ್ತಿ ಭದ್ರಪಡಿಸಿ, ತಲೆಯನ್ನು ಅಂಟಿಲ್ಲದೆ ಬಿಗಿಯಾಗಿ ಸಿಕ್ಕಿಸಿ, ಮೆಲ್ಲಗೆ ಎಳೆದು ಬಿಟ್ಟೆವು. ಗೆಳೆಯ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ತೆಗೆದ. ಹತ್ತು ತೂಗಾಟಕ್ಕೆ 480 ಚಿತ್ರ ಬಂದರೆ ಎರಡು ಸೆಕೆಂಡು, ಅಂದರೆ ನಿಮಿಷಕ್ಕೆ 300. ಚಿತ್ರ 464ಕ್ಕೆ ಇಳಿದರೆ 310. ಕಣ್ಣಿಗೆ ಸಿಗದ ಈ ವ್ಯತ್ಯಾಸ ಜೇಬಿನ ಫೋನಿಗೆ ಸಿಗುತ್ತದೆ. ಪಕ್ಕದ 6ನೇ ಐರನ್ನನ್ನೂ ಹೀಗೇ ಮೀಟಿ ನೋಡಿ, ಅದಕ್ಕೆ ಹೊಂದುವಂತೆ ಅರ್ಧರ್ಧ ಇಂಚು ಕತ್ತರಿಸುತ್ತ ಬಂದೆವು.

ಹಗುರ ಶಾಫ್ಟಿನಿಂದ ಇನ್ನೊಂದು ಬದಲಾವಣೆಯೂ ಆಗುತ್ತದೆ. ಬೀಸುವಾಗ ತಲೆ ಎಲ್ಲಿದೆ ಎಂದು ಕೈಗೆ ಗೊತ್ತಾಗುವ ಭಾರ ಕಡಿಮೆಯಾಗುತ್ತದೆ. ಶಾಫ್ಟಿನ ತುದಿಯೊಳಗೆ ಕೆಲವು ಗ್ರಾಂ ತೂಕದ ಹಿತ್ತಾಳೆ ಬಿರಡೆ ಇಟ್ಟು ಅದನ್ನು ಸರಿದೂಗಿಸಬಹುದು. ಲೇತ್ ಇದ್ದಲ್ಲಿ ಇದು ಐದು ನಿಮಿಷದ ಕೆಲಸ.

ಕತ್ತರಿಸುವಾಗ ಟೇಪು ಸುತ್ತಿ ಸಣ್ಣ ಹಲ್ಲಿನ ಗರಗಸ ಬಳಸಿ. ಪೈಪ್ ಕಟರ್ ಹಾಕಿದರೆ ಎಳೆ ನುಜ್ಜಾಗುತ್ತದೆ. ಕಾರ್ಬನ್ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಕೂರಬೇಡಿ. ಹಳೆಯ ಗ್ರಾಫೈಟ್ ಶಾಫ್ಟು ಬಿಚ್ಚುವಾಗ ಕತ್ತಿಗೆ ಮಾತ್ರ ಹದವಾಗಿ ಬಿಸಿ ತಾಗಿಸಿ, ತಿರುಚದೆ ನೇರಕ್ಕೆ ಎಳೆಯಿರಿ. ತಲೆಯನ್ನು ಹಿಡಿದಿರುವುದು ಎಪಾಕ್ಸಿ, ಶಾಫ್ಟಿನ ಎಳೆಗಳನ್ನು ಹಿಡಿದಿರುವುದೂ ಅದೇ ಜಾತಿಯ ಅಂಟು. ಬಿಸಿ ಹೆಚ್ಚಾದರೆ ಎರಡೂ ಸಡಿಲಗೊಳ್ಳುತ್ತವೆ.

1876ರಿಂದ ಗಾಲ್ಫ್ ಆಡುತ್ತ ಬಂದ ಊರು ಬೆಂಗಳೂರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಊರಿನ ಅದಿತಿ ಅಶೋಕ್‌ಗೆ ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಕೋಲಿನ ಲೆಕ್ಕಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಅತಿಯಲ್ಲ ಎಂದೇ ನನ್ನ ನಂಬಿಕೆ. ಆದರೆ 4, 5ನೇ ಐರನ್ನಿಗಷ್ಟೇ ಈ ಬದಲಾವಣೆ ಮಾಡಿಸಿ. ದೂರಕ್ಕಿಂತ ಗುರಿಯೇ ಮುಖ್ಯವಾದ 9ನೇ ಐರನ್ನಿಗೂ ವೆಜ್ಜಿಗೂ ಅವುಗಳ ಹಳೆಯ ಕಾವೇ ಸರಿ.